ಕಂಪ್ಯೂಟರಿಗೆ ಬಿಟ್ಟ ಕೊಬ್ಬರಿ ಎಣ್ಣೆ

ಇದನ್ನು ಬರೆಯಬೇಡಿ ಎಂದು ಮನೆಯಲ್ಲಿ ಎಲ್ಲರೂ ಹೇಳಿ ಆಯಿತು. ಊರಿನವರ ಮುಂದೆ ಬಾಯಿಬಿಟ್ಟು ಹೇಳಿದ್ದು ಸಾಲದೆ ಇನ್ನು ಕಾಗದಕ್ಕೂ ಹಾಕಬೇಕೆ ಎಂದು ಹೆಂಡತಿ ಕೇಳುತ್ತಾಳೆ. ಹಾಕಬೇಕು. ಒಬ್ಬ ಮನುಷ್ಯನ ಮೇಲೆ ಸುಳ್ಳು ಹೊರಿಸುವಾಗ ನಾನು ಯಾರ ಅಪ್ಪಣೆಯನ್ನೂ ಕೇಳಿರಲಿಲ್ಲ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದಕ್ಕೂ ಯಾರನ್ನೂ ಕೇಳುವುದಿಲ್ಲ.

ನಮ್ಮೂರು ದಂಡಿನಶಿವರದಿಂದ ಆಚೆ. ಪೇಟೆ ಅಂದರೆ ನಮಗೆ ತುರುವೇಕೆರೆ. ನಾನು ಎಸ್ಸೆಸ್ಸೆಲ್ಸಿ ಪಾಸು ಮಾಡಿ ತೋಟಕ್ಕೆ ಇಳಿದವನು. ಬೋರಿನಿಂದ ಮೋಟರ್ ಎತ್ತುವುದು, ಸ್ಟಾರ್ಟರ್ ಬಿಚ್ಚಿ ಉಜ್ಜಿ ಕೂರಿಸುವುದು, ಕೆಟ್ಟ ರೇಡಿಯೋಗೆ ಎಲ್ಲಿ ಕುಟ್ಟಿದರೆ ಹಾಡುತ್ತದೆಂದು ಹುಡುಕುವುದು, ಇವೆಲ್ಲ ನನಗೆ ಯಾರೂ ಕಲಿಸದೆ ಬಂದ ಕೆಲಸಗಳು. ಮನೆಗೆ ಕಂಪ್ಯೂಟರ್ ಬಂದಾಗ ಅದರ ಬೆನ್ನಿಗೂ ಸ್ಕ್ರೂ ಇರುವುದನ್ನು ನೋಡಿ ನನಗೆ ಸಮಾಧಾನವೇ ಆಯಿತು. ಸ್ಕ್ರೂ ಇದ್ದರೆ ಬಿಚ್ಚಬಹುದು. ಬಿಚ್ಚಬಹುದಾದರೆ ನನಗೆ ಹೆದರಿಕೆ ಇಲ್ಲ.

ಕಂಪ್ಯೂಟರ್ ತಂದದ್ದು ಸೊಸೆಗಾಗಿ. ಅವಳು ಬಿ.ಎಸ್ಸಿ. ಓದಿದವಳು. ನಮಗೆ ಎಲೆ ಅಡಿಕೆ ಹೇಗೋ ಅವಳಿಗೆ ಗಣಿತ ಹಾಗೆ. ಶಾಲೆಗಳು ಮುಚ್ಚಿ ಪಾಠವೆಲ್ಲ ಫೋನಿಗೆ ಬಂದ ಕಾಲದಲ್ಲಿ ಅಕ್ಕಪಕ್ಕದ ಮಕ್ಕಳಿಗೆ ಹೇಳಿಕೊಡಲು ಶುರು ಮಾಡಿದಳು. ಶಾಲೆ ತೆರೆದ ಮೇಲೂ ಅದು ನಿಲ್ಲಲಿಲ್ಲ. ಹತ್ತನೆಯ ತರಗತಿಯ ಮಕ್ಕಳು, ಹಾಲ್ಕುರಿಕೆಯಿಂದ ಒಂದಿಷ್ಟು, ಚಿಕ್ಕನಾಯಕನಹಳ್ಳಿ ಕಡೆಯಿಂದ ಒಂದಿಷ್ಟು, ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲು ಅವಳ ಪರದೆಯಲ್ಲಿ ಸಾಲಾಗಿ ಕಾಣಿಸಿಕೊಳ್ಳುತ್ತಿದ್ದರು. ತಿಪಟೂರಿನಲ್ಲಿ ಯಾರೋ ಬಳಸಿ ಮಾರಿದ ಮಿಷನ್ನನ್ನು ತಂದು ಹಿತ್ತಲ ಕಡೆಯ ಕೋಣೆಯಲ್ಲಿ ಇಟ್ಟೆವು. ಮೇಲೆ ಅಟ್ಟದಲ್ಲಿ ಕೊಬ್ಬರಿಗೆಂದು ಬಿಟ್ಟ ಕಾಯಿ, ಕೆಳಗೆ ಬೀಜಗಣಿತ. ಆ ಕೋಣೆಗೆ ಮಧ್ಯಾಹ್ನದವರೆಗೆ ಬಿಸಿಲು ಇಣುಕುವುದಿಲ್ಲ.

ಬೇಸಿಗೆಯಲ್ಲಿ ಕಂಪ್ಯೂಟರ್ ಡಬ್ಬದೊಳಗಿನ ಫ್ಯಾನು ಕಿರುಗುಟ್ಟತೊಡಗಿತು. "ಮಿಸ್, ನಿಮ್ಮನೇಲಿ ಗಿಣಿ ಸಾಕಿದ್ದೀರಾ?" ಎಂದು ಒಂದು ಮಗು ಕೇಳಿತಂತೆ. ಸೊಸೆ ಅದನ್ನು ನಗುತ್ತ ಹೇಳಿ, ನನ್ನ ಮುಖ ನೋಡಿ ನಗು ನಿಲ್ಲಿಸಿದಳು. "ಮಾವ, ಇದೊಂದನ್ನ ಮಾತ್ರ ದಯವಿಟ್ಟು ಬಿಚ್ಬೇಡಿ" ಅಂದಳು. ಹಾಗೆ ಹೇಳಲು ಕಾರಣವಿತ್ತು. ಟಿ.ವಿ.ಯ ಕೆಳಗಿನ ಪೆಟ್ಟಿಗೆಯನ್ನು ಹಿಂದೊಮ್ಮೆ ನಾನು ಸರಿ ಮಾಡಲು ಹೋಗಿದ್ದೆ, ಅದು ಮತ್ತೆ ಉಸಿರಾಡಲಿಲ್ಲ.

ಅವಳು ತವರಿಗೆ ಹೋಗಿದ್ದಾಗ ನಾನು ಕೋಣೆಯ ಬಾಗಿಲು ಹಾಕಿಕೊಂಡು ಡಬ್ಬ ಬಿಚ್ಚಿದೆ. ಫ್ಯಾನಿನ ನಡುವೆ ಅಂಟಿಸಿದ್ದ ಚೀಟಿ ಎಬ್ಬಿಸಿ, ಪೊರಕೆ ಕಡ್ಡಿಯ ತುದಿಯಿಂದ ಕೊಬ್ಬರಿ ಎಣ್ಣೆಯನ್ನು ತೊಟ್ಟು ತೊಟ್ಟಾಗಿ ಇಳಿಸಿದೆ. ನಮ್ಮ ಕಡೆ ಇದನ್ನು ಯಾರೂ ವಿಚಿತ್ರವೆನ್ನುವುದಿಲ್ಲ. ಹುಟ್ಟಿದ ಮಗುವಿನ ನೆತ್ತಿಗೆ, ತುಕ್ಕು ಹಿಡಿದ ಬೀಗಕ್ಕೆ, ಸೈಕಲ್ ಚೈನಿಗೆ, ಹೊಲಿಗೆ ಮಿಷನ್ನಿಗೆ, ದನದ ಗಾಯಕ್ಕೆ, ಎಲ್ಲಕ್ಕೂ ಅದೇ ಎಣ್ಣೆ. ನಮ್ಮ ಕಾಯಿ, ನಮ್ಮ ಕೊಬ್ಬರಿ, ಕಣ್ಣೆದುರಿಗೆ ಅರೆಸಿ ತಂದ ಎಣ್ಣೆ. ಇಷ್ಟು ಶುದ್ಧವಾದದ್ದು ಬೇರೆ ಯಾವ ಕಂಪ್ಯೂಟರಿಗೆ ಸಿಕ್ಕೀತು ಎಂದು ಹೆಮ್ಮೆಯೂ ಆಯಿತು. ಫ್ಯಾನು ಉಸಿರೆತ್ತದೆ ತಿರುಗಿತು. ತವರಿನಿಂದ ಬಂದ ಸೊಸೆ "ಗಿಣಿ ಹಾರಿಹೋಗಿದೆ ಮಾವ" ಅಂದಳು. ನಾನು ಪೇಪರ್ ಓದುತ್ತಿದ್ದವನು ತಲೆ ಎತ್ತಲಿಲ್ಲ.

ಆಷಾಢದ ಗಾಳಿಯಲ್ಲಿ ಒಂದೆರಡು ಸಲ ಕಂಪ್ಯೂಟರ್ ತಾನಾಗಿ ನಿಂತಿತು. ಕರೆಂಟು ಎಂದುಕೊಂಡೆವು. ದೀಪಾವಳಿ ಕಳೆದು, ಅವರೆಕಾಯಿ ಶುರುವಾಗಿ, ತೋಟದಲ್ಲಿ ಗರಿಯಿಂದ ಇಬ್ಬನಿ ತೊಟ್ಟಿಕ್ಕುವ ಕಾಲ ಬಂದ ಮೇಲೆ ಅದರ ಕಾಟ ದಿನದ ಕಾಟವಾಯಿತು. ಸೊಸೆ ಸ್ವೆಟರ್ ಹಾಕಿಕೊಂಡು ಪಾಠಕ್ಕೆ ಕೂರುತ್ತಿದ್ದಳು. ತ್ರಿಭುಜದ ಎರಡು ಭುಜ ಎಳೆದು ಮೂರನೆಯದಕ್ಕೆ ಹೊರಡುವಷ್ಟರಲ್ಲಿ ಪರದೆ ಕಪ್ಪು. ಅವಳು "ಅಯ್ಯೋ ಮತ್ತೆ ಹೋಯ್ತು" ಎಂದು ಫೋನು ಹಿಡಿದು ಮಕ್ಕಳಿಗೆ ಕಾಯಲು ಹೇಳುವಳು. ಸ್ವಲ್ಪ ಬಿಟ್ಟು ಹಚ್ಚಿದರೆ ಕಂಪ್ಯೂಟರ್ ಏನೂ ಅರಿಯದ ಕೂಸಿನಂತೆ ಎದ್ದು ಸಂಜೆಯವರೆಗೂ ನಡೆಯುತ್ತಿತ್ತು. ಮೊದಲೇ ಹಚ್ಚಿಟ್ಟು ನೋಡಿದಳು. ಸುಮ್ಮನೆ ಇದ್ದಾಗ ಏನೂ ಆಗುತ್ತಿರಲಿಲ್ಲ, ಪಾಠ ಶುರುವಾಗಿ ಎಲ್ಲ ಮಕ್ಕಳ ಮುಖ ಪರದೆಗೆ ಬಂದ ಮೇಲೇ ನಿಲ್ಲುತ್ತಿತ್ತು. ಚಳಿ ಹೆಚ್ಚಿದ ದಿನ ಮತ್ತೆ ಮತ್ತೆ ನಿಲ್ಲುತ್ತಿತ್ತು.

ನಾವು ಮಾಡದ ಪ್ರಯೋಗವಿಲ್ಲ. ಸೊಸೆ ವೈರಸ್ ಎಂದು ಎಲ್ಲವನ್ನೂ ಅಳಿಸಿ ಹೊಸದಾಗಿ ತುಂಬಿದಳು. ನಾನು ವೋಲ್ಟೇಜ್ ಎಂದು ಪಕ್ಕದ ತೋಟದವರ ಜೊತೆ ಜಗಳಕ್ಕೆ ಹೋದೆ. ಬೆಳಿಗ್ಗೆ ತ್ರೀ ಫೇಸ್ ಇಲ್ಲದಾಗ ಕಂಡೆನ್ಸರ್ ಹಾಕಿ ಮೋಟರ್ ಎಳೆದು ಇಡೀ ಲೈನಿನ ಜೀವ ಹೀರುತ್ತೀರಿ ಎಂದು ಕೂಗಾಡಿದೆ. ನಮ್ಮ ತೋಟದಲ್ಲೂ ಕಂಡೆನ್ಸರ್ ಇದೆಯಲ್ಲ ಎಂದು ಅವರು ಕೇಳಿದಾಗ ದನಿ ಇಳಿಸಿ ಬಂದೆ. ಮನೆಯ ಅರ್ಥ್ ಗುಂಡಿಗೆ ಉಪ್ಪು ಇದ್ದಲು ಸುರಿದು ಬಿಂದಿಗೆಗಟ್ಟಲೆ ನೀರು ಹೊಯ್ದೆ. ನನ್ನ ಹೆಂಡತಿ ಮೆಣಸಿನಕಾಯಿ ಉಪ್ಪು ನಿವಾಳಿಸಿ ಒಲೆಗೆ ಹಾಕಿದಳು. ಆ ಘಾಟಿಗೆ ನಾವೆಲ್ಲ ಕೆಮ್ಮಿದೆವು. ಮಾರನೆಯ ಬೆಳಿಗ್ಗೆ ಪರದೆ ಮತ್ತೆ ಕಪ್ಪು.

ಕೊನೆಗೆ ತುರುವೇಕೆರೆಯ ರಿಪೇರಿ ಅಂಗಡಿಗೆ ಹೊತ್ತೊಯ್ದೆವು. ಆ ಅಂಗಡಿಯವರನ್ನು ಊರಿನಲ್ಲಿ ಎಲ್ಲರೂ ಸಾಬರು ಎಂದೇ ಕರೆಯುತ್ತಾರೆ. ಅವರ ತಂದೆ ನಮ್ಮ ಕಡೆಯ ಬೋರ್ ಮೋಟರುಗಳಿಗೆ ಕಾಯಿಲ್ ಸುತ್ತುತ್ತಿದ್ದರು. ಮಗ ಮಿಕ್ಸಿ, ಟಿ.ವಿ., ಯು.ಪಿ.ಎಸ್. ಎಂದು ಬೆಳೆದು ಕಂಪ್ಯೂಟರಿಗೆ ಬಂದವರು. ವಾರಕ್ಕೊಂದು ಬೆಳಿಗ್ಗೆ ತಮ್ಮ ಮೊಪೆಡ್ಡಿನ ಎರಡೂ ಕಡೆ ಚೀಲ ಕಟ್ಟಿಕೊಂಡು ನಮ್ಮೂರಿಗೆ ಬಂದು, ಹಾಲಿನ ಡೈರಿಯ ಜಗಲಿಯ ಮೇಲೆ ಕೂರುತ್ತಿದ್ದರು. ಹಾಲು ಹಾಕಲು ಬಂದವರು ಕೆಟ್ಟದ್ದನ್ನು ಕೊಟ್ಟು ಸರಿಯಾದದ್ದನ್ನು ತೆಗೆದುಕೊಂಡು ಹೋಗುವರು. ಅವರ ಅಂಗಡಿಯ ಅನ್ನದಲ್ಲಿ ನಮ್ಮೂರಿನ ತುತ್ತು ದೊಡ್ಡದು. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಿ ಪಾರಾಗುವ ಹಾಗಿಲ್ಲ.

ಅವರು ಡಬ್ಬದ ಮುಚ್ಚಳ ತೆಗೆದು ಒಳಗೆ ಬೆಳಕು ಬಿಟ್ಟು ನೋಡಿದರು.

"ಯಜಮಾನ್ರೆ, ಇದನ್ನ ಮನೇಲಿ ಯಾರಾದ್ರೂ ಬಿಚ್ಚಿದ್ರಾ?"

ಸೊಸೆ ಪಕ್ಕದಲ್ಲೇ ನಿಂತಿದ್ದಳು.

"ಯಾರು ಬಿಚ್ತಾರಪ್ಪಾ! ನಮ್ಮನೇಲಿ ಯಾರ್ಗೂ ಅದ್ರ ತಂಟೆ ಇಲ್ಲ" ಅಂದೆ.

"ಹಂಗಾದ್ರೆ ಸರಿ" ಎಂದು ಅವರು ಧೂಳು ಊದಿ, ತಂತಿಗಳನ್ನು ಕಿತ್ತು ಸಿಕ್ಕಿಸಿ ಓಡಲು ಬಿಟ್ಟರು. ಅಂಗಡಿಗೆ ಶೀಟಿನ ಮಾಡು, ಮೇಲೆ ನೆತ್ತಿಯ ಬಿಸಿಲು. ಸಂಜೆಯವರೆಗೂ ಅದು ಒಂದು ಸಲವೂ ನಿಲ್ಲಲಿಲ್ಲ. ಮನೆಗೆ ತಂದ ಮಾರನೆಯ ಬೆಳಿಗ್ಗೆ ನಿಂತಿತು. ಮತ್ತೆ ಹೊತ್ತೊಯ್ದೆವು. ಕರೆಂಟು ಕೊಡುವ ಪೆಟ್ಟಿಗೆ ಬದಲಾಯಿಸಿದರು. ಅಂಗಡಿಯಲ್ಲಿ ಮತ್ತೆ ಓಡಿತು, ಮನೆಯಲ್ಲಿ ಮತ್ತೆ ನಿಂತಿತು. ಮೂರನೆಯ ಸಲ ಒಯ್ದಾಗ ಅವರು ತಲೆ ಕೆರೆದುಕೊಂಡು, "ನಿಮ್ಮನೇಗೂ ಇದ್ಕೂ ಆಗಿಬರಾಕಿಲ್ಲ ಯಜಮಾನ್ರೆ. ಇಲ್ಲೇ ಬುಟ್ಬುಡಿ, ನಮ್ಮನೇಲಿ ಸುಖವಾಗಿರ್ತೈತೆ" ಎಂದು ನಕ್ಕರು. ಆ ನಗುವನ್ನು ನಾನು ಮನಸ್ಸಿನಲ್ಲಿ ಇಟ್ಟುಕೊಂಡೆ.

ಅಷ್ಟರಲ್ಲಿ ಪರೀಕ್ಷೆ ಹತ್ತಿರವಾಗುತ್ತಿತ್ತು. ಮಕ್ಕಳ ಅಪ್ಪಂದಿರು ಒಬ್ಬೊಬ್ಬರೇ ಫೋನು ಮಾಡಿ, ಮೇಡಂ ಬೇಜಾರು ಮಾಡ್ಕೋಬೇಡಿ, ಬೇರೆ ಕಡೆ ಸೇರಿಸ್ತೀವಿ ಅನ್ನತೊಡಗಿದರು. ಸೊಸೆ ಪಾತ್ರೆ ತೊಳೆಯುವ ಸದ್ದು ಜೋರಾಯಿತು. ಅಂಥ ಒಂದು ಬೆಳಿಗ್ಗೆ, ಪಾಠ ನಿಂತು ಅವಳು ಅಡುಗೆಮನೆಗೆ ಹೋದಾಗ ನಾನು ಮತ್ತೆ ಡಬ್ಬ ಬಿಚ್ಚಿದೆ. ಒಳಗೆ ಮೆಮೊರಿಯ ಪಟ್ಟಿ ಎಂದು ಒಂದಿರುತ್ತದೆ, ಬೆರಳುದ್ದದ್ದು. ಬೇಸಿಗೆಯಲ್ಲಿ ನಾನು ನೋಡಿದಾಗ ಅದು ಹಸಿರಾಗಿತ್ತು. ಈಗ ನೀಲಿ.

ನಾನು ಯಾರನ್ನೂ ಕೇಳಲಿಲ್ಲ. ಹಾಲಿನ ಕ್ಯಾನು ಹಿಡಿದು ನೇರ ಡೈರಿಗೆ ನಡೆದೆ. ಅಲ್ಲಿ ಸಾಲಿನಲ್ಲಿ ನಿಂತವರ ಮುಂದೆ, "ಆ ಸಾಬ್ರು ನಮ್ಮ ಕಂಪ್ಯೂಟರಿಂದ ಒಳ್ಳೇ ಮಾಲು ಕಿತ್ಕೊಂಡು ಗುಜರೀದು ತುರ್ಕವ್ರೆ. ನಿಮ್ಮ ನಿಮ್ಮ ಸಾಮಾನು ನೋಡ್ಕೊಳ್ಳಿ" ಅಂದೆ.

ನನ್ನ ಜೊತೆ ಹೈಸ್ಕೂಲು ಓದಿದವನೊಬ್ಬ ಅಲ್ಲಿದ್ದ. ನಾವು ಈ ವಯಸ್ಸಿನಲ್ಲೂ ಲೇ ಲಾ ಎಂದೇ ಮಾತಾಡುವವರು.

"ನಾನೇನ್ಲಾ ಹೇಳ್ತಿದ್ದೆ? ಅವ್ರೆಲ್ಲಾ ಹಂಗೇ ಕಣ್ಲಾ" ಅಂದ.

ಅಲ್ಲಿ ಅವರೆಲ್ಲಾ ಅಂದರೆ ಯಾರೆಂದು ಬಿಡಿಸಿ ಹೇಳುವ ಅಗತ್ಯ ಯಾರಿಗೂ ಇರಲಿಲ್ಲ. ಆ ಮಾತು ಆಡಿದವನು ನಾನಲ್ಲ. ಆದರೆ ಬೆಂಕಿಕಡ್ಡಿ ಗೀರಿದವನು ನಾನು, ಅವನು ಸೌದೆ ಹಾಕುವಾಗ ಚಳಿ ಕಾಯಿಸಿಕೊಳ್ಳುತ್ತ ನಿಂತವನೂ ನಾನೇ. ಒಬ್ಬಳು ತನ್ನ ಟಿ.ವಿ. ಸರಿಯಾದ ಮೇಲೆ ಬಣ್ಣ ಯಾಕೋ ಮಂಕಾಗಿದೆ ಅಂದಳು. ಇನ್ನೊಬ್ಬ ತನ್ನ ಮಿಕ್ಸಿ ಮೊದಲಿನಷ್ಟು ನುಣ್ಣಗೆ ಅರೆಯುತ್ತಿಲ್ಲ ಅಂದ. ನನ್ನ ಮಾತಿಗೆ ಇಷ್ಟು ಸಾಕ್ಷಿ ಸಿಕ್ಕಿತಲ್ಲ ಎಂದು ನನಗೆ ಖುಷಿಯೇ ಆಯಿತು.

ಮನೆಗೆ ಬಂದು ಸೊಸೆಗೆ ನೀಲಿ ಪಟ್ಟಿಯ ವಿಷಯ ಹೇಳಿದೆ.

"ಅದು ಅವ್ರದ್ದೇ ಮಾವ" ಅಂದಳು. "ಹೋದ ಸಲ ಒಯ್ದಾಗ, ನಮ್ಮದರಲ್ಲಿ ದೋಷ ಇದ್ಯಾ ಅಂತ ನೋಡೋಕೆ ತಮ್ಮ ಅಂಗಡೀದು ಹಾಕಿ ಕಳ್ಸಿದ್ದಾರೆ. ನಮ್ಮದಕ್ಕಿಂತ ಒಳ್ಳೇದು ಅದು. ನಮ್ಮದನ್ನ ಅಲ್ಲಿ ಬೇರೆ ಮಿಷನ್ನಿಗೆ ಹಾಕಿ ಪರೀಕ್ಷೆ ಮಾಡ್ತಿದ್ದಾರೆ. ನನಗೆ ಫೋನ್ ಮಾಡಿ ಹೇಳಿದ್ರಲ್ಲ." ಆಮೇಲೆ ನನ್ನನ್ನು ದಿಟ್ಟಿಸಿ ನೋಡಿ, "ಡೈರೀಲಿ ಯಾರ ಹತ್ರನೂ ಏನೂ ಅನ್ಲಿಲ್ಲ ತಾನೆ?" ಎಂದು ಕೇಳಿದಳು.

"ಇಲ್ವಲ್ಲ" ಅಂದೆ.

ನನ್ನ ತಪ್ಪು ಎಲ್ಲಿದೆ ಎಂದು ಕೇಳಿದರೆ ನಾನು ಆ ಒಂದು ಮಾತನ್ನು ತೋರಿಸುತ್ತೇನೆ. ಬೆಳಿಗ್ಗೆ ಅಂದದ್ದು ಸಿಟ್ಟಿನಲ್ಲಿ, ಅರಿಯದೆ. ಈಗ ಅರಿವಾಗಿತ್ತು. ಡೈರಿ ನಮ್ಮ ಮನೆಯಿಂದ ಕೂಗಳತೆಯಲ್ಲಿದೆ. ಎದ್ದು ಹೋಗಿ, ನಾನು ತಪ್ಪು ತಿಳಿದಿದ್ದೆ ಕಣ್ರಪ್ಪಾ ಎನ್ನಬಹುದಿತ್ತು. ಕಾಲು ಏಳಲಿಲ್ಲ. ಕಂಪ್ಯೂಟರ್ ಇನ್ನೂ ನಿಲ್ಲುತ್ತಲೇ ಇದೆಯಲ್ಲ, ಅವರು ಸರಿ ಮಾಡಿಲ್ಲವಲ್ಲ, ಅಂದದ್ದು ಅಂದಾಯಿತು ಎಂದು ನನಗೆ ನಾನೇ ವಾದ ಹೂಡಿಕೊಂಡು ಕುಳಿತೆ.

ಮುಂದಿನ ವಾರ ಸಾಬರು ಎಂದಿನಂತೆ ಬಂದು ಜಗಲಿಯ ಮೇಲೆ ಕುಳಿತರು. ನಾನು ಹಾಲಿನ ಸಾಲಿನಲ್ಲಿದ್ದೆ. ಯಾರೂ ಏನನ್ನೂ ತಂದಿರಲಿಲ್ಲ. ಹಿಂದಿನ ಸಲ ರಿಪೇರಿಗೆ ಮಿಕ್ಸಿ ಕೊಟ್ಟಿದ್ದ ಹೆಂಗಸೊಬ್ಬಳು ಬಂದು, "ನಮ್ದು ಕೊಟ್ಬುಡ್ರಪ್ಪಾ" ಅಂದಳು.

"ಇನ್ನೂ ಆಗಿಲ್ಲಮ್ಮಾ. ಬ್ರಷ್ ಹಾಕ್ಬೇಕು."

"ಆಗ್ದಿದ್ರೂ ಹಂಗೇ ಕೊಟ್ಬುಡಿ."

ಅವರು ಚೀಲದಿಂದ ಮಿಕ್ಸಿಯನ್ನೂ ಬಿಚ್ಚಿಟ್ಟಿದ್ದ ಬಿಡಿಭಾಗಗಳ ಪೊಟ್ಟಣವನ್ನೂ ತೆಗೆದು ಕೊಟ್ಟರು. ಅವಳು ಪೊಟ್ಟಣ ಬಿಚ್ಚಿ ಎಲ್ಲ ಇದೆಯೇ ಎಂದು ಅವರ ಎದುರಿಗೇ ನೋಡಿದಳು. ಆ ನೋಟ ಅವರಿಗೆ ತಿಳಿಯಿತು. ಆದರೂ ನನ್ನ ಕಡೆ ತಿರುಗಿ, "ಕಂಪ್ಯೂಟರ್ ಹೆಂಗೈತೆ ಯಜಮಾನ್ರೆ?" ಅಂದರು. "ಐತೆ" ಎಂದು ಕ್ಯಾನು ಎತ್ತಿಕೊಂಡು ಬಂದುಬಿಟ್ಟೆ. ಆಮೇಲೆ ಯಾರೋ ಅವರಿಗೆ ನನ್ನ ಮಾತನ್ನು ಮುಟ್ಟಿಸಿದ್ದಾರೆ. ಅದರ ಮುಂದಿನ ವಾರ ಜಗಲಿ ಖಾಲಿ ಇತ್ತು. ಅಲ್ಲಿಂದ ಮುಂದೆಯೂ ಖಾಲಿ.

ಕಾರಣ ಸಿಕ್ಕಿದ್ದು ಚಳಿ ಇನ್ನೂ ಬಿಗಿದ ಮೇಲೆ. ನಾನು ಹಟ ಹಿಡಿದು ಸೊಸೆಗೆ ಹೇಳಿದೆ: "ನಾಳೆ ಡಬ್ಬದ ಮುಚ್ಚಳ ತೆಗೆದೇ ಪಾಠ ಮಾಡು. ನಾನು ಕೆಳಗೆ ಕೂತ್ಕೊಂಡು ಒಳಗೆ ಏನಾಗ್ತದೆ ನೋಡ್ತೀನಿ." ಮಕ್ಕಳಿಗೆ ಕಾಣದಂತೆ ಮೇಜಿನ ಕೆಳಗೆ ಕಂಬಳಿ ಹೊದ್ದು ಕುಳಿತೆ. ಪಾಠ ಶುರುವಾಯಿತು. ಹಿಂದಿನ ಸಣ್ಣ ಫ್ಯಾನು ತಿರುಗುತ್ತಿತ್ತು. ನಡುವಿನ ದೊಡ್ಡದು, ನಾನು ಎಣ್ಣೆ ಬಿಟ್ಟದ್ದು, ಅಲುಗಾಡಲೇ ಇಲ್ಲ. ಬೆರಳಿನಿಂದ ರೆಕ್ಕೆ ತಳ್ಳಿದೆ. ಕೆಸರಿನಲ್ಲಿ ಹೂತ ಗಾಡಿಚಕ್ರದಂತೆ ಒಂದಿಷ್ಟು ಸರಿದು ನಿಂತುಕೊಂಡಿತು. ಬೆರಳಿಗೆ ಬೆಳ್ಳಗೆ ಏನೋ ಮೆತ್ತಿತು. ಮೂಗಿನ ಬಳಿ ಹಿಡಿದೆ. ಧೂಳು ಕುಡಿದು ಕಮಟು ಹಿಡಿದಿದ್ದರೂ ಆ ವಾಸನೆ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕೊಬ್ಬರಿ ಎಣ್ಣೆ, ಚಳಿಗೆ ಹೆಪ್ಪುಗಟ್ಟಿ ಮೇಣವಾಗಿತ್ತು.

ಮೇಲೆ ಪರದೆ ಕಪ್ಪಾಯಿತು. ಸೊಸೆ "ಅಯ್ಯೋ" ಅಂದಳು. ನಾನು ಕೆಳಗೇ ಕುಳಿತಿದ್ದೆ. ಕಂಪ್ಯೂಟರ್ ಕೆಲಸ ಮಾಡುವಾಗ ಅದರ ಮಿದುಳು ಕಾಯುತ್ತದೆ, ಅದನ್ನು ತಣಿಸುವುದು ಈ ಫ್ಯಾನು. ಫ್ಯಾನು ಹಿಡಿದುಕೊಂಡರೆ ಮಿಷನ್ನು ಸುಟ್ಟುಹೋಗದಿರಲೆಂದು ತಾನೇ ನಿಂತುಬಿಡುತ್ತದೆ. ಹಾಗೆ ನಿಂತಾಗ ಕೆಳಗಿನ ಕಾವು ಮೇಲಕ್ಕೆ ಏರಿ ಎಣ್ಣೆ ಕರಗುತ್ತದೆ. ಎರಡನೆಯ ಸಲ ಹಚ್ಚಿದಾಗ ಫ್ಯಾನು ತಿರುಗುತ್ತದೆ. ಸಾಬರ ಅಂಗಡಿಯ ಶೀಟಿನ ಕೆಳಗಿನ ಬಿಸಿಗೆ ಎಣ್ಣೆ ಹೆಪ್ಪುಗಟ್ಟುವ ಮಾತೇ ಇಲ್ಲ. ಸೊಸೆ ಮತ್ತೆ ಹಚ್ಚಿದಳು. ನನ್ನ ಕಣ್ಣ ಮುಂದೆಯೇ ಫ್ಯಾನು ಒಮ್ಮೆ ತಡವರಿಸಿ, ಆಮೇಲೆ ಸರಾಗವಾಗಿ ತಿರುಗತೊಡಗಿತು.

ಪಾಠ ಮುಗಿದ ಮೇಲೆ ಸೊಸೆಯನ್ನೂ ಹೆಂಡತಿಯನ್ನೂ ಕೂರಿಸಿಕೊಂಡು ಎಲ್ಲ ಹೇಳಿದೆ. ಎಣ್ಣೆ, ಅಂಗಡಿಯಲ್ಲಿ ಹೇಳಿದ ಸುಳ್ಳು, ಡೈರಿಯ ಮಾತು, ಅವಳಿಗೆ ಹೇಳಿದ ಸುಳ್ಳು. ಹೆಂಡತಿಗೆ ಎಣ್ಣೆಯ ಮಾತಿನಿಂದ ಆಚೆ ಹೋಗಲು ಆಗಲಿಲ್ಲ.

"ಚಳೀಲಿ ತಲೆಗೆ ಹಚ್ಚೋ ಎಣ್ಣೆ ಬಾಟ್ಲನ್ನೇ ದಿನಾ ಒಲೆ ಪಕ್ಕ ಇಡ್ತೀನಿ. ಹುಟ್ಟಿದಾಗಿಂದ ಕೊಬ್ರಿ ಜೊತೇಲೇ ಬದುಕಿದ್ದೀರಿ. ಇಷ್ಟೂ ಹೊಳೀಲಿಲ್ವಾ ನಿಮಗೆ?"

ಹೊಳೆಯಲಿಲ್ಲ. ಸೊಸೆ ಮೊದಲು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಡೈರಿಯ ಮಾತು ಬಂದಾಗ ನಗು ನಿಂತಿತು.

"ಮಕ್ಕಳು ಬಿಟ್ಟು ಹೋದ್ರೆ ಬೇರೆಯವರು ಬರ್ತಾರೆ ಮಾವ" ಅಂದಳು. "ಸಾಬ್ರು ಇಲ್ಲಿಗೆ ಯಾವ ಮುಖ ಇಟ್ಕೊಂಡು ಬರ್ತಾರೆ?"

ಮಗ ತೋಟದಿಂದ ಬಂದು ಎಲ್ಲ ಕೇಳಿ, "ಹೊಸ ಫ್ಯಾನ್ ಹಾಕ್ಸಿದ್ರಾಯ್ತು. ಊರ ಮುಂದೆ ಯಾಕೆ? ಬುಡಪ್ಪಾ" ಅಂದ. ನಾನು ಬಿಡಲಿಲ್ಲ. ಇಷ್ಟು ದಿನ ಬಿಟ್ಟದ್ದೇ ಸಾಕಾಗಿತ್ತು.

ಮಾರನೆಯ ಬೆಳಿಗ್ಗೆ ಡೈರಿಯಲ್ಲಿ ಸಾಲು ತುಂಬಿದಾಗ ನಾನು ಕ್ಯಾನು ಕೆಳಗಿಟ್ಟು ಜಗಲಿ ಹತ್ತಿ ನಿಂತೆ.

"ಅವತ್ತು ಇಲ್ಲಿ ಸಾಬ್ರ ವಿಷ್ಯ ಒಂದು ಮಾತು ಅಂದಿದ್ದೆ. ಅದು ಸುಳ್ಳು. ಅವ್ರು ಏನೂ ಕದ್ದಿಲ್ಲ. ತಮ್ಮದೇ ಒಳ್ಳೇ ಸಾಮಾನು ನಮ್ಮ ಕಂಪ್ಯೂಟರಿಗೆ ಹಾಕಿದ್ರು. ಅದನ್ನ ಕೆಡ್ಸಿದ್ದು ನಾನು. ಫ್ಯಾನಿಗೆ ಕೊಬ್ರಿ ಎಣ್ಣೆ ಬುಟ್ಟಿದ್ದೆ."

ಸಾಲಿನಲ್ಲಿ ನಗು ಸಿಡಿಯಿತು.

"ಜಡೇನೂ ಹಾಕ್ಬೇಕಿತ್ತು ಕಣಪ್ಪಾ!"

"ಎಣ್ಣೆ ನೀರು ಎರೀಲಿಲ್ವಾ ದೊಡ್ಡಯ್ಯ?"

"ನಗ್ರಿ" ಅಂದೆ. "ಎಷ್ಟು ನಗ್ತೀರೋ ನಗ್ರಿ. ನಕ್ಕು ಮುಗಿದ ಮೇಲೆ ಆ ಮನುಷ್ಯ ಕಳ್ಳ ಅಲ್ಲ ಅಂತ ಒಪ್ಕೊಳ್ಳಿ."

ನನ್ನ ಸಹಪಾಠಿ ಕ್ಯಾನಿನ ಮುಚ್ಚಳ ಒತ್ತುತ್ತ, ತಲೆ ಎತ್ತದೆ, "ಆಗಿದ್ದು ಆಗೋಯ್ತು, ಬುಡ್ಲಾ. ಈ ವಯಸ್ನಾಗೆ ಅವನ ಮುಂದೆ ತಲೆ ಬಗ್ಸೋಕೆ ಹೋಗ್ತೀಯಾ? ಊರ ಮರ್ಯಾದೆ ಏನ್ಲಾ ಆಗ್ಬೇಕು?" ಅಂದ.

"ಊರ ಮರ್ಯಾದೆ ನಾನು ಅವತ್ತೇ ಕಳ್ದಿದ್ದೀನಿ ಕಣ್ಲಾ. ನೀನೂ ಕೈ ಜೋಡಿಸ್ದೆ."

"ನಾನೇನು ನಿನ್ನ ಕಂಪ್ಯೂಟರ್ ವಿಷ್ಯ ಮಾತಾಡಿದ್ನಾ?"

"ಇಲ್ಲ. ಅವ್ರೆಲ್ಲಾ ಹಂಗೇ ಅಂದೆ. ನಾನು ಬಾಯಿ ಮುಚ್ಕೊಂಡು ನಿಂತಿದ್ದೆ. ಇವತ್ತು ಬಾಯಿ ತೆಗ್ದಿದ್ದೀನಿ. ಅವ್ರು ಹಂಗಲ್ಲ. ಹಂಗಿದ್ದೋನು ನಾನು."

ಅವನು ಮುಖ ಕೆಂಪಗೆ ಮಾಡಿಕೊಂಡು ಹೊರಟುಹೋದ. ಉಳಿದವರು ಹಾ ಹೂ ಅಂದರು. ಮಿಕ್ಸಿಯ ಹೆಂಗಸು ಮಾತ್ರ, "ಮದ್ಲೇ ಹೇಳ್ಬಾರ್ದಿತ್ತಾ ದೊಡ್ಡಯ್ಯ? ನನ್ನ ಮಿಕ್ಸಿ ಬಿಚ್ಚಿದ್ದು ಬಿಚ್ದಂಗೇ ಬಿದ್ದೈತೆ. ಒರಳಲ್ಲಿ ರುಬ್ಬಿ ರುಬ್ಬಿ ಕೈ ಬಿದ್ದೋಗೈತೆ" ಎಂದು ಬೈದಳು. ಆ ಬೈಗುಳವನ್ನು ನಾನು ತಲೆಬಾಗಿ ತೆಗೆದುಕೊಂಡೆ. ಅದು ನನಗೆ ಸಲ್ಲಬೇಕಾದದ್ದು.

ಅದೇ ದಿನ ಕಂಪ್ಯೂಟರ್ ಎತ್ತಿಕೊಂಡು ತುರುವೇಕೆರೆಗೆ ಹೋದೆ. ಸಾಬರು ಯಾರದೋ ಟಿ.ವಿ.ಗೆ ಬೆಸುಗೆ ಹಾಕುತ್ತಿದ್ದರು. ನನ್ನನ್ನು ನೋಡಿ ಕೂರಿ ಅನ್ನಲಿಲ್ಲ. ನಾನು ನಿಂತೇ ಎಲ್ಲ ಹೇಳಿದೆ. ಅಂಗಡಿಯಲ್ಲಿ ಬೇರೆ ಗಿರಾಕಿಗಳೂ ಇದ್ದರು, ಅವರೂ ಕೇಳಲಿ ಎಂದು ದನಿ ತಗ್ಗಿಸದೆ ಹೇಳಿದೆ. ಅವರು ಬೆಸುಗೆ ಕಡ್ಡಿ ಕೆಳಗಿಟ್ಟು ಫ್ಯಾನು ಬಿಚ್ಚಿ, ಉಗುರಿನಿಂದ ಒಳಗೆ ಕೆರೆದು ನೋಡಿದರು.

"ನಾನು ಕೇಳ್ದೆ ಅಲ್ವಾ ಯಜಮಾನ್ರೆ. ಬಿಚ್ಚಿದ್ರಾ ಅಂತ."

"ಕೇಳಿದ್ರಿ."

"ಹೂಂ ಅಂದಿದ್ರೆ ಅವತ್ತೇ ಇದನ್ನ ಕಿತ್ತು ನೋಡ್ತಿದ್ದೆ. ನೀವು ಯಾರೂ ಮುಟ್ಟಿಲ್ಲ ಅಂದ್ರಿ. ನಾನು ನಂಬ್ದೆ. ದೊಡ್ಡೋರು ಯಾಕೆ ಸುಳ್ಳು ಹೇಳ್ತಾರೆ ಅಂತ ನಂಬ್ದೆ." ಫ್ಯಾನನ್ನು ಮೇಜಿನ ಮೇಲಿಟ್ಟು ಮತ್ತೆ ಅಂದರು: "ನಮ್ಮಪ್ಪ ನಿಮ್ಮ ಬೋರ್ ಹತ್ರ ರಾತ್ರಿ ಎಲ್ಲಾ ಕೂತು ಮೋಟರ್ ಕಟ್ಕೊಟ್ಟವ್ರು. ಅವ್ರ ಹೆಸ್ರೂ ಬಂತಂತೆ ಡೈರೀಲಿ. ಅವರ ಕಾಲದಲ್ಲೂ ತಾಮ್ರ ಕದ್ದಿದ್ರೇನೋ ಅಂತ ಯಾರೋ ಅಂದ್ರಂತೆ."

ಅದು ನನಗೆ ಗೊತ್ತಿರಲಿಲ್ಲ. ನನ್ನ ಮಾತು ನನ್ನ ಹಿಂದೆ ಎಷ್ಟು ದೂರ ನಡೆದುಹೋಗಿದೆ ಎಂದು ಆಗ ತಿಳಿಯಿತು. ಕೈ ಮುಗಿದೆ. ಅವರು ಕೈ ಹಿಡಿದು ತಡೆಯಲಿಲ್ಲ. ಹೊಸ ಫ್ಯಾನು ಹಾಕಿ, ಹಸಿರು ಪಟ್ಟಿಯನ್ನು ಮರಳಿ ಕೂರಿಸಿ, ಎಲ್ಲರಿಗೂ ಕೊಡುವಂತೆ ಬಿಲ್ಲು ಕೊಟ್ಟರು.

"ಊರಿಗೆ ಬರ್ತೀರಾ?" ಎಂದು ಕೇಳಿದೆ.

"ಬರಾಕಿಲ್ಲ ಯಜಮಾನ್ರೆ. ಆ ಜಗಲೀ ಮೇಲೆ ಕೂರೋಕೆ ನನ್ನ ಕೈಲಾಗಲ್ಲ."

"ಹಂಗಾದ್ರೆ ನಾನು ತರ್ತೀನಿ."

ಅವರು ಅದನ್ನು ಮಾತಿನ ಮಾತು ಎಂದುಕೊಂಡರೋ ಏನೋ, ಟಿ.ವಿ.ಯ ಕಡೆ ತಿರುಗಿಕೊಂಡರು.

ನಾನು ಮಾತಿಗೆ ಹೇಳಿದ್ದಲ್ಲ. ಈಗ ವಾರಕ್ಕೊಂದು ಬೆಳಿಗ್ಗೆ ಡೈರಿಯ ಜಗಲಿಯ ಮೇಲೆ ನಾನೇ ಚೀಲ ಬಿಚ್ಚಿಕೊಂಡು ಕೂರುತ್ತೇನೆ. ಮೊದಲ ದಿನ ಮಿಕ್ಸಿಯ ಹೆಂಗಸು ಒಬ್ಬಳೇ ಬಂದಳು, ಬಿಡಿಭಾಗದ ಪೊಟ್ಟಣ ಸಮೇತ. ಆಮೇಲೆ ಒಂದು ಇಸ್ತ್ರಿ ಪೆಟ್ಟಿಗೆ ಬಂತು, ಒಂದು ಟೇಬಲ್ ಫ್ಯಾನು ಬಂತು. "ಗುಜರಿ ಗೌಡ್ರು ಬಂದ್ರು" ಎಂದು ಕೆಲವರು ಕೂಗುತ್ತಾರೆ. "ಹೂಂ ಬಂದಿದ್ದೀನಿ, ನಿನ್ನ ಮನೇಲಿ ಕೆಟ್ಟಿರೋದು ತಾ, ನಿನ್ನನ್ನ ಮಾತ್ರ ತಗೊಳ್ಳಲ್ಲ" ಅನ್ನುತ್ತೇನೆ. ಬಸ್ಸಿನಲ್ಲಿ ಕಂಡಕ್ಟರ್ ಚೀಲಕ್ಕೂ ಟಿಕೆಟ್ ಹರಿಯುತ್ತಾನೆ. ಸಾಬರು ಸಾಮಾನು ತೆಗೆದುಕೊಂಡು ಯಾರದು, ಏನಾಗಿದೆ ಎಂದಷ್ಟೇ ಕೇಳುತ್ತಾರೆ. ಅವರಿಗೆ ನನ್ನ ಮೇಲಿನ ಮುನಿಸು ಹೋಗಿದೆ ಎಂದು ನಾನು ಬರೆಯಲಾರೆ. ಹೋಗಬೇಕೆಂದು ಕೇಳುವ ಹಕ್ಕೂ ನನಗಿಲ್ಲ. ಮಗನಿಗೆ ಇದೆಲ್ಲ ನಾಚಿಕೆ. ನಾಚಿಕೆ ಪಡಬೇಕಾದದ್ದು ಚೀಲ ಹೊರುವುದಕ್ಕಲ್ಲ ಎಂದು ಅವನಿಗೂ ಹೇಳಿದ್ದೇನೆ.

ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ಕಂಪ್ಯೂಟರ್ ಬಿಚ್ಚಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಬೇಕೆಂದಾಗ ಈಗಲೂ ಬಿಚ್ಚಿ ಧೂಳು ಒರೆಸುತ್ತೇನೆ, ಸೊಸೆಯ ಎದುರಿಗೇ. ಅವಳು ಎಣ್ಣೆ ಬಾಟಲಿ ಎಲ್ಲಿದೆ ಎಂದು ಮೊದಲು ನೋಡಿ ಆಮೇಲೆ ಸ್ಕ್ರೂ ಡ್ರೈವರ್ ಕೊಡುತ್ತಾಳೆ. ಬಿಟ್ಟು ಹೋದ ಮಕ್ಕಳಲ್ಲಿ ಕೆಲವರು ಮರಳಿದರು, ಕೆಲವರು ಬರಲಿಲ್ಲ.

ಕಳೆದ ವಾರ ನನ್ನ ಸಹಪಾಠಿಯ ಮನೆಯ ಯು.ಪಿ.ಎಸ್. ಕೆಟ್ಟಿತು. ಅವನು ಅದನ್ನು ಹೆಂಡತಿಯ ಕೈಲಿ ಜಗಲಿಗೆ ಕಳಿಸಿದ. ತಾನು ಡೈರಿಯ ಆಚೆ, ಬೇವಿನ ಮರದ ಕೆಳಗೆ, ಏನೂ ಸಂಬಂಧವಿಲ್ಲದವನಂತೆ ನಿಂತಿದ್ದ. ನಾನು ಅದನ್ನು ಚೀಲಕ್ಕೆ ಹಾಕಲಿಲ್ಲ. ಎತ್ತಿಕೊಂಡು ಹೋಗಿ ಅವನ ಕಾಲ ಬಳಿ ಇಟ್ಟೆ.

"ಎಲ್ಲಾರದ್ದೂ ಒಯ್ತೀಯಾ, ನಂದು ಯಾಕ್ಲಾ ಒಯ್ಯಾಕಿಲ್ಲ?" ಅಂದ.

"ಎಲ್ಲಾರೂ ನಾನು ಹೇಳಿದ ಸುಳ್ಳು ನಂಬಿದೋರು. ಅವರದ್ದು ಹೊರೋದು ನನ್ನ ಕರ್ಮ. ನೀನು ನನ್ನ ಮಾತು ಕೇಳಿ ಅಂದೋನಲ್ಲ, ಮದ್ಲೇ ಮನಸ್ನಾಗೆ ಇಟ್ಕೊಂಡಿದ್ದನ್ನ ಅಂದೆ. ನಿಂದು ನೀನೇ ಹೊತ್ಕೊಂಡು ಬಾ. ಅವ್ರ ಕೈಗೆ ಕೊಡು."

"ಬರ್ದಿದ್ರೆ?"

"ಕತ್ಲೇಲಿ ಕೂತ್ಕೋ."

ಬಸ್ಸು ತಿರುವಿನಲ್ಲಿ ಹಾರನ್ ಹೊಡೆಯಿತು. ನಾನು ಚೀಲ ಹೆಗಲಿಗೆ ಹಾಕಿಕೊಂಡು ಹೋಗಿ ಹಿಂದಿನ ಸೀಟಿನಲ್ಲಿ ಕುಳಿತೆ. ಅವನು ಮರದ ಕೆಳಗೇ ನಿಂತಿದ್ದ. ಕಂಡಕ್ಟರ್ ಸೀಟಿ ಊದಿದ ಮೇಲೆ, ಅವನು ಬೈದುಕೊಳ್ಳುತ್ತ, ಆ ಭಾರವನ್ನು ಎದೆಗೆ ಅಪ್ಪಿಕೊಂಡು ಓಡಿ ಬಂದು ಮುಂದಿನ ಬಾಗಿಲಲ್ಲಿ ಹತ್ತಿದ. ಮುಂದಿನ ಸೀಟಿನಲ್ಲಿ ಕುಳಿತವನು ತುರುವೇಕೆರೆ ಬರುವವರೆಗೂ ಹಿಂತಿರುಗಿ ನೋಡಲಿಲ್ಲ. ನಾನೂ ಕರೆಯಲಿಲ್ಲ. ಬಸ್ಸು ಇಳಿದು ಅಂಗಡಿಯ ಬೀದಿಗೆ ತಿರುಗುವಾಗ ಅವನು ಮುಂದೆ, ನಾನು ಹಿಂದೆ.